ನಿಮ್ಮ ಬದುಕಿನ ಹೆಮ್ಮೆಯ ಕೆಲಸಗಳನ್ನು ಹುಡುಕಿ ಬರೆದಿಡಿ: ಶುರು ಮಾಡುವುದು ಹೀಗೆ

ನಿವೃತ್ತಿಯ ಬೀಳ್ಕೊಡುಗೆ ಸಮಾರಂಭಗಳನ್ನು ನೀವೂ ನೋಡಿರುತ್ತೀರಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಭಾಷಣ. ‘ಸರಳ ಸಜ್ಜನರು’, ‘ಎಲ್ಲರ ಜೊತೆ ಹೊಂದಿಕೊಂಡು ಹೋದವರು’ ಅಂತ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಅಷ್ಟು ವರ್ಷ ದುಡಿದ ಆ ಮನುಷ್ಯ ನಿಜಕ್ಕೂ ಏನು ಮಾಡಿದರು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಕೊನೆಗೆ ಅವರ ಕೈಗೇ ಮೈಕ್ ಕೊಟ್ಟರೆ, ‘ನನ್ನದೇನೂ ಇಲ್ಲ, ಎಲ್ಲ ನಿಮ್ಮ ಸಹಕಾರ’ ಎಂದು ಕೈಮುಗಿದು ಕೂರುತ್ತಾರೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದನ್ನು ಕೇಳಿಯೇ ಬೆಳೆದವರು ನಾವು. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು, ದೃಷ್ಟಿಯಾಗುತ್ತದೆ, ಜಂಭ ಅನ್ನುತ್ತಾರೆ. ಈ ಸಂಕೋಚ ಒಳ್ಳೆಯದೇ. ಆದರೆ ಇನ್ನೊಬ್ಬರಿಗೆ ಹೇಳದೆ ಹೇಳದೆ, ಕೊನೆಗೆ ನಮಗೆ ನಾವೇ ಹೇಳಿಕೊಳ್ಳುವುದೂ ನಿಂತುಹೋಗುತ್ತದೆ. ಐವತ್ತು ದಾಟಿದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಮಲಗಿರುವಾಗ ‘ಇಷ್ಟು ವರ್ಷ ನಾನು ಮಾಡಿದ್ದೇನು?’ ಎಂಬ ಪ್ರಶ್ನೆ ಬರುತ್ತದೆ. ಆಗ ಉತ್ತರವೇ ಹೊಳೆಯುವುದಿಲ್ಲ. ಮಾಡಿದ್ದು ಏನೂ ಇಲ್ಲ ಅಂತಲ್ಲ. ಅದನ್ನು ಎಂದೂ ಎತ್ತಿ ನೋಡಿಲ್ಲ, ಅಷ್ಟೆ.

ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಈ ಬಗ್ಗೆ ಬರೆದರು. ವಯಸ್ಸಾದವರು ಹಳೆಯದನ್ನೇ ಮತ್ತೆ ಮತ್ತೆ ನೆನೆಯುವುದನ್ನು ಆಗ ಮುಪ್ಪಿನ ಲಕ್ಷಣ, ಅರಳುಮರಳು ಎಂದೇ ನೋಡುತ್ತಿದ್ದರು. ಬಟ್ಲರ್ ಅದನ್ನು ಒಪ್ಪಲಿಲ್ಲ. ಬದುಕನ್ನು ತಿರುಗಿ ನೋಡುವುದು ಮನಸ್ಸಿನ ಸಹಜ ಕೆಲಸ, ಹಳೆಯ ನೋವು ನಲಿವುಗಳನ್ನು ಅದು ಹೊಂದಿಸಿಕೊಳ್ಳುವ ರೀತಿ ಎಂದರು. ಈಗ ಹಿರಿಯರ ಆರೈಕೆ ಮಾಡುವ ಕಡೆಗಳಲ್ಲಿ ಇದನ್ನು ಒಂದು ಕ್ರಮವಾಗಿಯೇ ಮಾಡಿಸುತ್ತಾರೆ. ಅದಕ್ಕೆ ಎಪ್ಪತ್ತು ಆಗುವವರೆಗೆ ಕಾಯಬೇಕಿಲ್ಲ. ಮೂವತ್ತೈದಕ್ಕೂ ಮಾಡಬಹುದು.

ಹೇಗೆ ಮಾಡುವುದು ಅನ್ನುವುದಕ್ಕೆ ನನಗೆ ಸರಿ ಕಂಡ ದಾರಿಯನ್ನು ಇಲ್ಲಿ ಹೇಳುತ್ತೇನೆ.

1. ಒಂದು ಪುಸ್ತಕ, ಅರ್ಧ ಗಂಟೆ

ಮನೆಯಲ್ಲಿ ಬ್ಯಾಂಕಿನವರೋ ಎಲ್‌ಐಸಿಯವರೋ ಕೊಟ್ಟ ಖಾಲಿ ಡೈರಿ ಇದ್ದೇ ಇರುತ್ತದೆ. ಅದು ಸಾಕು. ಮೊಬೈಲ್‌ನಲ್ಲಿ ಬರೆಯಬೇಡಿ, ನಡುವೆ ಮೆಸೇಜ್ ಬಂದರೆ ಎಳೆ ಕಡಿದುಹೋಗುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಕೂತರೆ ಸಾಕು, ವಾರದಲ್ಲಿ ಒಂದೆರಡು ದಿನ. ಒಂದೇ ದಿನ ಕೂತು ಮುಗಿಸುತ್ತೇನೆ ಅಂದರೆ ಬಾಯಿಪಾಠ ಬಂದದ್ದೇ ಬರುತ್ತದೆ: ಡಿಗ್ರಿ, ಕೆಲಸ, ಮದುವೆ, ಮನೆ. ಒಳಗಿರುವುದು ಮೇಲೆ ಬರಲು ನಡುವೆ ಕೆಲವು ದಿನ ಬೇಕು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ತಾನಾಗಿ ಹೊಳೆಯುತ್ತದೆ.

2. ಕಾಗದಪತ್ರಗಳ ಫೈಲು ತೆಗೆಯಿರಿ

‘ನನ್ನ ಸಾಧನೆಗಳು’ ಎಂದು ಹಾಳೆಯ ಮೇಲೆ ಬರೆದು ಯೋಚಿಸುತ್ತಾ ಕೂರಬೇಡಿ. ಆ ಮಾತು ಕಂಡ ಕೂಡಲೇ ಪದಕ, ಪ್ರಶಸ್ತಿ, ಪತ್ರಿಕೆಯಲ್ಲಿ ಬಂದ ಫೋಟೊ ಕಣ್ಣ ಮುಂದೆ ಬರುತ್ತವೆ. ಅವು ಇಲ್ಲದವರು ಪೆನ್ನು ಕೆಳಗಿಡುತ್ತಾರೆ.

ಅದರ ಬದಲು ಬೀರುವಿನಲ್ಲೋ ಟ್ರಂಕಿನಲ್ಲೋ ಇರುವ ಫೈಲು ಹೊರಗೆ ತೆಗೆಯಿರಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್, ಪಹಣಿ, ಹಕ್ಕುಪತ್ರ, ಸಾಲ ತೀರಿದ ರಸೀದಿ, ಡ್ರೈವಿಂಗ್ ಲೈಸೆನ್ಸ್, ಸ್ವಸಹಾಯ ಸಂಘದ ಪಾಸ್‌ಬುಕ್, ತಾಯಿ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ವರ್ಗಾವಣೆ ಆದೇಶ. ಒಂದೊಂದನ್ನೇ ಕೈಗೆತ್ತಿಕೊಳ್ಳಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕಾಗದ ನನ್ನ ಕೈಗೆ ಬರಲು ನಾನು ಏನೇನು ಮಾಡಬೇಕಾಯಿತು?

ಉತ್ತರ ಕೆಲವೊಮ್ಮೆ ಒಂದೇ ಸಾಲು. ಕೆಲವೊಮ್ಮೆ ಪುಟಗಟ್ಟಲೆ. ಅಜ್ಜ ಬಿಟ್ಟುಹೋದ ಒಂದು ಹಳೆಯ ಕಾಗದವನ್ನೇ ತೆಗೆದುಕೊಳ್ಳಿ. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ, ಗೇಣಿಗೆ ಉಳುತ್ತಿದ್ದವರು ಫಾರಂ 7 ತುಂಬಿ ಭೂಮಿ ತಮ್ಮದೆಂದು ಕೇಳಬೇಕಿತ್ತು. ಆಮೇಲೆ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಕಾನೂನೇನೋ ಬಂತು. ಆದರೆ ಯಾರ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಗೇಣಿ ಅಳೆದುಕೊಟ್ಟಿದ್ದರೋ, ಅದೇ ಒಡೆಯರ ಎದುರು ಅರ್ಜಿ ಹಾಕುವ ಧೈರ್ಯ ಕಾನೂನಿನಿಂದ ಬರುವುದಿಲ್ಲ. ಎಷ್ಟೋ ಜನ ಹೆದರಿ ಹಾಕಲೇ ಇಲ್ಲ. ಹಾಕಿದ ಅಜ್ಜಂದಿರು ಮೊಮ್ಮಕ್ಕಳಿಗೆ ‘ಆಗ ಜಮೀನು ಬಂತು’ ಅಂತ ಮೂರು ಪದದಲ್ಲಿ ಹೇಳಿ ಮುಗಿಸಿದರು. ಜಮೀನು ತಾನಾಗಿ ಬರಲಿಲ್ಲ. ಅವರು ಕೇಳಿದ್ದಕ್ಕೆ ಬಂತು.

ಸಂಘದ ಪಾಸ್‌ಬುಕ್ಕೂ ಹಾಗೆಯೇ. 2000ದ ಹೊತ್ತಿಗೆ ಸ್ತ್ರೀಶಕ್ತಿ ಯೋಜನೆ ಶುರುವಾದಾಗ ಹಳ್ಳಿಹಳ್ಳಿಯಲ್ಲಿ ಹೆಂಗಸರು ಗುಂಪು ಕಟ್ಟಿದರು. ಖಾತೆ ತೆರೆಯಲು ಬ್ಯಾಂಕಿನ ಮೆಟ್ಟಿಲು ಹತ್ತಿದರು. ಹೆಬ್ಬೆಟ್ಟಿನ ಜಾಗದಲ್ಲಿ ಸಹಿ ಹಾಕಲು ಕಲಿತವರು ಅವರಲ್ಲಿ ಬೇಕಾದಷ್ಟು ಜನ. ಮಕ್ಕಳ ಸ್ಲೇಟು ತೆಗೆದುಕೊಂಡು ರಾತ್ರಿ ಅಡುಗೆಮನೆಯಲ್ಲಿ ಕೂತು ಹೆಸರು ತಿದ್ದುವುದು ಸಣ್ಣ ಕೆಲಸ ಅಲ್ಲ. ಅದು ನಿಮ್ಮ ಡೈರಿಗೆ ಬರಲೇಬೇಕು.

3. ವರ್ಷ ಬೇಡ, ಮನೆಗಳ ಲೆಕ್ಕದಲ್ಲಿ ಹೋಗಿ

ನಲವತ್ತು ದಾಟಿದವರನ್ನು ‘ಹಳೆಯ ನೆನಪು ಹೇಳಿ’ ಅಂದರೆ ಸುಮಾರು 10ರಿಂದ 30 ವರ್ಷದ ನಡುವಿನ ದಿನಗಳೇ ಜಾಸ್ತಿ ಬರುತ್ತವೆ. ನೆನಪಿನ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಬೇರೆ ಬೇರೆ ದೇಶಗಳಲ್ಲಿ ಕಂಡಿದ್ದಾರೆ. ಮೊದಲ ಸಲ ಊರು ಬಿಟ್ಟದ್ದು, ಮೊದಲ ಸಂಬಳ, ಮದುವೆ ಎಲ್ಲ ಆಗಲೇ ಆಗುವುದರಿಂದ ಅವು ಗಟ್ಟಿಯಾಗಿ ಉಳಿಯುತ್ತವೆ. ಇದರಿಂದ ಒಂದು ತೊಂದರೆ ಇದೆ. ನಲವತ್ತೈದನೇ ವಯಸ್ಸಿನಲ್ಲಿ ಮಾಡಿದ ದೊಡ್ಡ ಕೆಲಸ ‘ದಿನನಿತ್ಯದ ಗಡಿಬಿಡಿ’ಯಲ್ಲಿ ಸೇರಿ ಮರೆಯಾಗುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡದ್ದನ್ನು ಯಾರೂ ಸಾಧನೆ ಎಂದು ನೆನೆಯುವುದಿಲ್ಲ. ಕಾಲೇಜಿನಲ್ಲಿ ಗೆದ್ದ ಕಪ್ಪನ್ನು ನೆನೆಯುತ್ತಾರೆ.

ಹಾಗಾಗಿ ಎಲ್ಲ ವಯಸ್ಸಿಗೂ ಜಾಗ ಕೊಡಿ. ಇಸವಿ ನೆನಪಾಗದಿದ್ದರೆ ವಾಸ ಮಾಡಿದ ಮನೆಗಳನ್ನು ಹಿಡಿದು ಹೋಗಿ. ಹುಟ್ಟಿದ ಮನೆ, ಹಾಸ್ಟೆಲು, ಹೈವೇ ಪಕ್ಕದ ಒಂಟಿ ರೂಮು, ನೀರಿಗೆ ಕ್ಯೂ ನಿಲ್ಲುತ್ತಿದ್ದ ವಠಾರ, ಕ್ವಾರ್ಟರ್ಸು. ಪ್ರತಿ ಮನೆಗೂ ಒಂದು ಪುಟ. ಆ ಮನೆಯಲ್ಲಿದ್ದಾಗ ಯಾವುದು ಕಷ್ಟವಾಗಿತ್ತು, ಅದಕ್ಕೆ ನೀವು ಏನು ಮಾಡಿದಿರಿ ಎಂದು ಬರೆಯಿರಿ. ಇಸವಿಗೆ ಸಿಗದ ನೆನಪು ಮನೆಯ ಹಿಂದೆ ಬರುತ್ತದೆ. ಮಕ್ಕಳು ಯಾವ ಕ್ಲಾಸಿನಲ್ಲಿದ್ದರು ಎಂಬ ಲೆಕ್ಕವೂ ಚೆನ್ನಾಗಿ ನಡೆಯುತ್ತದೆ.

4. ಪ್ರತಿಯೊಂದಕ್ಕೂ ಮೂರು ಪ್ರಶ್ನೆ

ಈಗ ಪಟ್ಟಿ ಉದ್ದವಾಗಿರುತ್ತದೆ. ಎಲ್ಲವೂ ಹೆಮ್ಮೆಯ ಕೆಲಸಗಳೇ ಆಗಿರಬೇಕಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಮೂರು ಪ್ರಶ್ನೆ ಹಾಕಿ.

ಇದು ನನ್ನ ತೀರ್ಮಾನವಾಗಿತ್ತೇ?
ಇದಕ್ಕಾಗಿ ನಾನು ಏನು ಬಿಟ್ಟುಕೊಟ್ಟೆ?
ನಾನು ಮಾಡದಿದ್ದರೆ ಇದು ಆಗುತ್ತಿತ್ತೇ?

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಚಪ್ಪಾಳೆ ಬಿದ್ದ ಕಡೆ ನಮ್ಮ ಹೆಮ್ಮೆ ಇರಬೇಕಿಲ್ಲ. ನಾವೇ ತೀರ್ಮಾನ ಮಾಡಿ, ಅದರ ಬೆಲೆಯನ್ನೂ ನಾವೇ ಕೊಟ್ಟ ಕಡೆ ಅದು ಇರುತ್ತದೆ.

‘ಮಗಳು ಡಾಕ್ಟರ್ ಆದಳು’ ಅಂತ ತುಂಬಾ ತಂದೆ ತಾಯಂದಿರು ಮೊದಲು ಬರೆಯುತ್ತಾರೆ. ಓದಿದ್ದು ಅವಳು, ಪರೀಕ್ಷೆ ಬರೆದದ್ದು ಅವಳು. ಆ ಸಾಧನೆ ಅವಳದು. ಹಾಗಾದರೆ ನಿಮ್ಮದು ಏನೂ ಇಲ್ಲವೇ? ಇದೆ, ಆದರೆ ಬೇರೆ ಕಡೆ ಇದೆ. ಹತ್ತನೇ ಕ್ಲಾಸು ಆದ ಕೂಡಲೇ ಮದುವೆ ಮಾಡಿಬಿಡೋಣ ಎಂದು ಮನೆಯ ಹಿರಿಯರೆಲ್ಲ ಒಂದಾಗಿದ್ದಾಗ ‘ಆಗಲ್ಲ, ಅವಳು ಓದಲಿ’ ಎಂದು ಒಬ್ಬರೇ ನಿಂತಿರಾ? ಪಿಯುಸಿ ಹಾಸ್ಟೆಲ್ ಫೀಸಿಗೆ ತವರಿನಿಂದ ತಂದ ಬಳೆ ಕೊಟ್ಟಿರಾ? ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸಲು ದಿನಾ ನಾಲ್ಕಕ್ಕೆ ಎದ್ದಿರಾ? ಅದನ್ನು ಬರೆಯಿರಿ. ಅದು ನಿಮ್ಮದು, ಬೇರೆ ಯಾರದ್ದೂ ಅಲ್ಲ. ಮಗಳ ಡಿಗ್ರಿಯ ಹಿಂದೆ ಅಡಗಿಸಿಟ್ಟರೆ ಅದು ನಿಮಗೂ ಕಾಣುವುದಿಲ್ಲ, ಅವಳಿಗೂ ಕಾಣುವುದಿಲ್ಲ.

ಅಪ್ಪ ಕಟ್ಟಿಸಿಕೊಟ್ಟ ಮನೆ, ಸರದಿ ಪ್ರಕಾರ ಬಂದ ಬಡ್ತಿ, ಇವು ಸಂತೋಷದ ಸಂಗತಿಗಳು. ಅವಕ್ಕೆ ಬೇರೆ ಪುಟ ಇಡಿ, ‘ಸಿಕ್ಕ ಭಾಗ್ಯ’ ಅಂತ. ಎರಡನ್ನೂ ಕಲಸಬೇಡಿ.

ಹಾಗಂತ ಒಬ್ಬರೇ ಮಾಡಿದ್ದು ಮಾತ್ರ ಲೆಕ್ಕ ಅಂತಲ್ಲ. ಊರಿನವರೆಲ್ಲ ಸೇರಿ ಕೆರೆ ಹೂಳೆತ್ತಿದ್ದರೆ, ಕಚೇರಿಯಲ್ಲಿ ನಾಲ್ವರು ಸೇರಿ ಒಂದು ಕೆಲಸ ಉಳಿಸಿದ್ದರೆ, ಅದನ್ನೂ ಬರೆಯಿರಿ. ಜೊತೆಗಿದ್ದವರ ಹೆಸರೆಲ್ಲ ಬರೆಯಿರಿ. ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಏನು ಅನ್ನುವುದನ್ನು ಬಿಡದೆ ಬರೆಯಿರಿ.

5. ಸೋತದ್ದನ್ನೂ ಬಿಟ್ಟದ್ದನ್ನೂ ಸೇರಿಸಿ

ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರ ವಿಷಯ ನಿಮಗೆ ಗೊತ್ತಿರಬಹುದು. ತೆಂಗು, ಅಡಿಕೆ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. ಗುಡ್ಡದ ಮೇಲೆ ಬರಡು ಜಾಗ ಸಿಕ್ಕಿತು, ಆದರೆ ನೀರಿರಲಿಲ್ಲ. ಕೂಲಿ ಮುಗಿಸಿ ಬಂದು ಗುಡ್ಡದ ಹೊಟ್ಟೆಗೆ ಸುರಂಗ ಕೊರೆಯತೊಡಗಿದರು, ಒಬ್ಬರೇ. ನೀರು ಸಿಗಲಿಲ್ಲ. ಇನ್ನೊಂದು ಕೊರೆದರು. ಅಲ್ಲೂ ಸಿಗಲಿಲ್ಲ. ಹಾಗೆ ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿಯಿತು. ಕೊನೆಗೊಂದರಲ್ಲಿ ನೀರು ಬಂತು, ಗುಡ್ಡದಲ್ಲಿ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರ ಕತೆ ಹೇಳುವಾಗ ಒಣ ಸುರಂಗಗಳನ್ನು ಬಿಟ್ಟು ನೀರು ಸಿಕ್ಕ ಸುರಂಗವನ್ನಷ್ಟೇ ಹೇಳಿ ನೋಡಿ. ಏನೂ ಉಳಿಯುವುದಿಲ್ಲ. ನಿಮ್ಮ ಕತೆಯೂ ಹಾಗೆಯೇ. ಮೂರು ಸಲ ಫೇಲಾಗಿ ಪಾಸಾದ ಪರೀಕ್ಷೆ, ಮುಚ್ಚಿದ ಅಂಗಡಿಯ ನಂತರ ತೆರೆದ ಅಂಗಡಿ, ಕೈಕೊಟ್ಟ ಬೋರ್‌ವೆಲ್‌ಗಳು, ಅವುಗಳನ್ನು ಮುಚ್ಚಿಡಬೇಡಿ. ಕೊನೆಗೂ ಫಲ ಸಿಗದ ಪ್ರಯತ್ನ ಇದ್ದರೂ ಬರೆಯಿರಿ. ಕಾಯಿಲೆಯ ತಂದೆಯನ್ನು ಉಳಿಸಲು ಓಡಾಡಿದಿರಿ, ಉಳಿಯಲಿಲ್ಲ. ಆದರೂ ನೀವು ಓಡಾಡಿದ್ದು ಸುಳ್ಳಾಗುವುದಿಲ್ಲ ಅಲ್ವಾ?

ಮಾಡದೆ ಬಿಟ್ಟ ಕೆಲಸಗಳೂ ಇರುತ್ತವೆ. ಇವು ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುತ್ತವೆ. ಕುಡಿತ ಬಿಟ್ಟದ್ದು. ಟೇಬಲ್ಲಿನ ಕೆಳಗಿನಿಂದ ಬಂದ ಕವರನ್ನು ವಾಪಸ್ ಕೊಟ್ಟದ್ದು. ಆಸ್ತಿ ಪಾಲಾಗುವಾಗ ತಮ್ಮನ ಜೊತೆ ಕೋರ್ಟಿಗೆ ಹೋಗದೆ ಎರಡು ಗುಂಟೆ ಬಿಟ್ಟುಕೊಟ್ಟು ಸಂಬಂಧ ಉಳಿಸಿಕೊಂಡದ್ದು. ತಾನು ತಿಂದ ಏಟನ್ನು ತನ್ನ ಮಕ್ಕಳಿಗೆ ಕೊಡದಿದ್ದದ್ದು. ಇವಕ್ಕೆ ಸರ್ಟಿಫಿಕೇಟ್ ಇಲ್ಲ, ಸಾಕ್ಷಿಯೂ ಇಲ್ಲ. ನೀವು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

6. ನಡೆದದ್ದನ್ನು ಬರೆಯಿರಿ, ಹೊಗಳಿಕೆ ಬೇಡ

ಉಳಿದ ಸಂಗತಿಗಳಲ್ಲಿ ಒಂದೊಂದಕ್ಕೂ ಹತ್ತು ಹನ್ನೆರಡು ಸಾಲು ಸಾಕು. ‘ತುಂಬಾ ಕಷ್ಟಪಟ್ಟು, ಛಲ ಬಿಡದೆ, ಸಾಲವನ್ನೆಲ್ಲ ತೀರಿಸಿ ಸಂಸಾರವನ್ನು ದಡ ಸೇರಿಸಿದೆ’ ಎಂದು ಒಬ್ಬಾಕೆ ಬರೆಯಬಹುದು. ಸುಳ್ಳೇನಲ್ಲ. ಆದರೆ ಹತ್ತು ವರ್ಷ ಬಿಟ್ಟು ಓದಿದರೆ ಇದರಲ್ಲಿ ಆಕೆಯೇ ಕಾಣುವುದಿಲ್ಲ. ಅದೇ ಸಂಗತಿಯನ್ನು ಹೀಗೆ ಬರೆದರೆ?

‘ಅವರು ತೀರಿಕೊಂಡಾಗ ದೊಡ್ಡವಳು ಏಳನೇ ಕ್ಲಾಸು. ಸೊಸೈಟಿಯಲ್ಲಿ ಎಷ್ಟು ಸಾಲ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಕಾರ್ಯದರ್ಶಿ ಹತ್ತಿರ ಹೋಗಿ ಲೆಡ್ಜರ್ ತೋರಿಸಿ ಅಂದೆ. ಅಲ್ಲಿಯವರೆಗೆ ಆ ಕಟ್ಟಡದ ಒಳಗೆ ಹೋದವಳಲ್ಲ. ಅಣ್ಣ ಹೊಲ ಮಾರಿಬಿಡು ಅಂದ. ಮಾರಲಿಲ್ಲ. ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಿದೆ. ಮೊದಲ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳುವೆಲ್ಲ ಹೋಯಿತು. ಎರಡನೇ ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಗೆ ನಾನೇ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ಹರಾಜು ಹೇಗೆ ನಡೆಯುತ್ತದೆ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿಕೊಟ್ಟರು. ದೊಡ್ಡವಳು ಪಿಯುಸಿ ಮುಗಿಸಿದ ವರ್ಷ ಸಾಲ ತೀರಿತು. ರಸೀದಿ ಇದೇ ಪುಟಕ್ಕೆ ಅಂಟಿಸಿದ್ದೇನೆ.’

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಹಾಗಾಗಿ ಜಂಭ ಅನ್ನಿಸುವ ಭಯವೂ ಇಲ್ಲ. ಎಲ್ಲಿ, ಯಾರು, ಏನು ಅಡ್ಡ ಬಂತು, ಆಗ ಏನು ಮಾಡಿದೆ, ಯಾರು ಸಹಾಯ ಮಾಡಿದರು, ಕೊನೆಗೆ ಏನಾಯಿತು. ಇಷ್ಟು ಬಂದರೆ ಸಾಕು. ಭಾಷೆ ಚೆನ್ನಾಗಿರಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ.

ಬರೆದ ಕೂಡಲೇ ಸ್ಟೇಟಸ್‌ಗೆ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಲೈಕು ಜಾಸ್ತಿ ಬಿದ್ದದ್ದು ದೊಡ್ಡದು, ಬೀಳದ್ದು ಚಿಕ್ಕದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಲು ಶುರು ಮಾಡುತ್ತದೆ. ಮೊದಲು ಅದರ ತೂಕ ನಿಮಗೆ ಗೊತ್ತಾಗಲಿ.

7. ಮೂರನ್ನು ಆರಿಸಿ

ಎಲ್ಲ ಬರೆದಾದ ಮೇಲೆ ಎರಡು ವಾರ ಪುಸ್ತಕ ಮುಚ್ಚಿಡಿ. ಆಮೇಲೆ ಓದಿ, ಮೂರಕ್ಕೆ ಗುರುತು ಹಾಕಿ. ಆರಿಸುವಾಗ ಹೀಗೆ ಕೇಳಿಕೊಳ್ಳಿ: ಇದು ಯಾರಿಗೂ ಎಂದೂ ಗೊತ್ತಾಗದಿದ್ದರೂ ನಾನು ಇದನ್ನೇ ಮಾಡುತ್ತಿದ್ದೆನೇ?

ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮಾಗಡಿ ತಾಲ್ಲೂಕಿನ ಹುಲಿಕಲ್, ಕುದೂರು ನಡುವಿನ ರಸ್ತೆಯಲ್ಲಿ ಆಲದ ಗಿಡ ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಬೇಲಿ ಕಟ್ಟಿದರು. ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಗಿಡ ನೆಟ್ಟು ದಶಕಗಳು ಕಳೆದಿದ್ದವು, ಚಿಕ್ಕಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನೀರು ಹೊರುತ್ತಿದ್ದ ದಿನಗಳಲ್ಲಿ ಪ್ರಶಸ್ತಿಯ ಯೋಚನೆ ಅವರಿಬ್ಬರಿಗೂ ಬಂದಿರಲು ಸಾಧ್ಯವಿಲ್ಲ. ನಿಮ್ಮ ಪಟ್ಟಿಯಲ್ಲೂ ಅಂಥ ಕೆಲಸ ಒಂದಾದರೂ ಇರುತ್ತದೆ. ಅದನ್ನು ಹುಡುಕಿ.

8. ಅಪ್ಪ ಅಮ್ಮನ ಹತ್ತಿರ ಕೇಳುವುದಾದರೆ

ನಿಮ್ಮದು ಬರೆದಾದ ಮೇಲೆ ಮನೆಯ ಹಿರಿಯರದ್ದನ್ನೂ ಕೇಳಿ. ‘ಅಮ್ಮಾ, ನಿನ್ನ ಸಾಧನೆ ಏನು?’ ಎಂದು ಕೇಳಿದರೆ ‘ನನ್ನದೇನು ಸಾಧನೆ, ಹೋಗೋ’ ಅನ್ನುತ್ತಾರೆ. ಅವರೆಕಾಯಿ ಸುಲಿಯುವಾಗಲೋ ಹೂ ಕಟ್ಟುವಾಗಲೋ ಪಕ್ಕದಲ್ಲಿ ಕೂತು, ನೀವೂ ಕೈ ಹಾಕಿ, ಚಿಕ್ಕ ಪ್ರಶ್ನೆ ಕೇಳಿ. ‘ಡೇರಿಗೆ ಹಾಲು ಹಾಕೋಕೆ ಶುರು ಮಾಡಿದ್ದು ಯಾವಾಗಮ್ಮ? ಮೊದಲ ಹಸು ತಂದದ್ದು ಎಲ್ಲಿಂದ? ದುಡ್ಡು ಯಾರು ಕೊಟ್ಟರು?’ ಹಾಲಿನ ದುಡ್ಡು ತನ್ನ ಕೈಗೇ ಬಂದ ದಿನದ ವಿಷಯ ತೆಗೆದರೆ ಎಷ್ಟೋ ತಾಯಂದಿರು ತಾವಾಗಿ ಮಾತಿಗೆ ಇಳಿಯುತ್ತಾರೆ.

ಅಪ್ಪಂದಿರಿಗೆ ಜಾಗ ತೋರಿಸಬೇಕು. ಅವರು ಕೆಲಸ ಮಾಡಿದ ಮಿಲ್ಲು, ಡಿಪೋ, ಶಾಲೆಯ ಹತ್ತಿರ ಕರೆದುಕೊಂಡು ಹೋಗಿ. ಕಟ್ಟಡ ಈಗ ಇಲ್ಲದಿದ್ದರೂ ಪರವಾಗಿಲ್ಲ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ಇಸವಿ ತಪ್ಪಿದರೆ ನಡುವೆ ತಿದ್ದಬೇಡಿ. ‘ಇದನ್ನು ನೂರು ಸಲ ಹೇಳಿದ್ದೀಯ’ ಅನ್ನಬೇಡಿ. ನೂರು ಸಲ ಹೇಳಿದ್ದಾರೆ ಅಂದರೆ ಅದೇ ಅವರ ಪಟ್ಟಿಯ ಮೊದಲನೆಯದು. ಅತ್ತರೆ ಸುಮ್ನೆ ಪಕ್ಕದಲ್ಲಿರಿ, ರೆಕಾರ್ಡಿಂಗ್ ನಿಲ್ಲಿಸಿ. ಅವತ್ತಿಗೆ ಅಷ್ಟೇ ಸಾಕು.

9. ಮನಸ್ಸು ಭಾರವಾದರೆ

ಹಿಂದೆ ನೋಡುವಾಗ ನೋವೂ ಮೇಲೆ ಬರುತ್ತದೆ. ಒಂದೆರಡು ದಿನ ಬೇಜಾರಾಗುವುದು ಸಹಜ. ಆದರೆ ಪ್ರತಿ ಸಲ ಪುಸ್ತಕ ತೆರೆದಾಗಲೂ ‘ನನ್ನ ಬದುಕೇ ವ್ಯರ್ಥ’ ಅನ್ನಿಸುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬರೆಯುವುದನ್ನು ನಿಲ್ಲಿಸಿ. ಅದು ನಿಮ್ಮ ಬದುಕಿನ ಸತ್ಯ ಅಲ್ಲ, ಖಿನ್ನತೆ ಹಾಗೆ ತೋರಿಸುತ್ತಿರಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

10. ಬರೆದದ್ದನ್ನು ಏನು ಮಾಡುವುದು?

ಕೆಲಸ ಹುಡುಕುತ್ತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಂಟರ್‌ವ್ಯೂನಲ್ಲಿ ‘ನೀವು ಹೆಮ್ಮೆಪಡುವ ಕೆಲಸ ಹೇಳಿ’ ಅಂದರೆ ನಿಮ್ಮ ಹತ್ತಿರ ತಯಾರಾದ ಹತ್ತು ಸಾಲು ಇರುತ್ತದೆ. ಅಡ್ಡಿ ಏನಿತ್ತು, ನೀವು ಏನು ಮಾಡಿದಿರಿ, ಏನಾಯಿತು ಅನ್ನುವುದನ್ನೇ ಅವರೂ ಕೇಳುವುದು.

ಉಳಿದವರು ಆ ಮೂರರಲ್ಲಿ ಒಂದನ್ನು ಒಬ್ಬರಿಗಾದರೂ ಓದಿ ಹೇಳಿ. ಗಂಡನಿಗೋ ಹೆಂಡತಿಗೋ, ಅಕ್ಕನಿಗೋ, ಹಳೆಯ ಗೆಳೆಯನಿಗೋ. ‘ಇದು ನನಗೆ ಗೊತ್ತೇ ಇರಲಿಲ್ಲ’ ಎಂದು ಒಂದೇ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರೂ ಹೇಳುತ್ತಾರೆ. ಕತೆಯಲ್ಲಿ ಬಂದ ಯಾರಾದರೂ ಇನ್ನೂ ಇದ್ದರೆ, ಆವತ್ತು ಫೀಸು ಕಟ್ಟಿದ ಮೇಷ್ಟ್ರು, ಹರಾಜು ಹೇಳಿಕೊಟ್ಟ ಹಿರಿಯರು, ಅವರನ್ನು ಹೋಗಿ ನೋಡಿ. ಫೋನ್ ಬೇಡ, ಹೋಗಿಯೇ ಬನ್ನಿ.

ಡೈರಿಯ ಕೊನೆಯ ಕೆಲವು ಹಾಳೆ ಖಾಲಿ ಬಿಡಿ. ವರ್ಷಕ್ಕೊಂದು ದಿನ, ಹುಟ್ಟಿದ ದಿನವೋ ಆಯುಧಪೂಜೆಯ ದಿನವೋ, ತೆಗೆದು ಓದಿ ಹೊಸದೇನಾದರೂ ಇದ್ದರೆ ಸೇರಿಸಿ. ಪುಟಗಳ ಫೋಟೊ ತೆಗೆದು ಒಂದು ಪ್ರತಿ ಇಟ್ಟುಕೊಳ್ಳಿ. ಡೈರಿಯನ್ನು ಪಹಣಿ, ಪಾಲಿಸಿ ಬಾಂಡುಗಳ ಜೊತೆ ಅದೇ ಫೈಲಿನಲ್ಲಿಡಿ, ಅದು ಎಲ್ಲಿದೆ ಎಂದು ಮಕ್ಕಳಿಗೆ ಹೇಳಿ.